ಹುಚ್ಚೀರಪ್ಪನ ಇನ್ನೂರಾ ಮೂವತ್ತು ವೋಲ್ಟು

ಬೆಟಗೇರಿಯ ಅಮೃತವ್ವನ ರೊಟ್ಟಿ ಮಷಿನ್ನು ಸಂಜೆಯಾದರೆ ಈಯಲು ಬಂದ ಎಮ್ಮೆಯಂತೆ ನರಳುತ್ತಿತ್ತು. ತಪ್ಪೆಲ್ಲ ಗಂಡ ಹುಚ್ಚೀರಪ್ಪ ಹಾಕಿದ ಅಗ್ಗದ ಬೆಲ್ಟಿನದು ಎಂದು ಆಕೆಯ ತೀರ್ಪು. ವೋಲ್ಟೇಜಿನದು ಎಂದು ಅವನ ಮೇಲ್ಮನವಿ. (ಆ ಮನೆಯಲ್ಲಿ ಮೇಲ್ಮನವಿಯನ್ನೂ ಅದೇ ನ್ಯಾಯಾಧೀಶೆ ಕೇಳುತ್ತಾಳೆ.)

“ವೋಲ್ಟೇಜ್ ಕಡಿಮಿ ಐತಿ ಅಂತ ತೋರ್ಸ್ರಿ, ಬೆಲ್ಟಿನ ಸುದ್ದಿ ಎತ್ತಂಗಿಲ್ಲ. ಬರೋಬ್ಬರಿ ಇತ್ತಂದ್ರ ಲಕ್ಕುಂಡಿ ಮದುವಿಗೆ ಒಪ್ಕೊಂಡ ರೊಟ್ಟಿ ಅಷ್ಟೂ ನೀವ ಕೈಲೆ ಬಡೀಬೇಕು!” ಎಂದು ಅಮೃತವ್ವ ಶರ್ತ ಕಟ್ಟಿದಳು.

“ಆತು!” ಎಂದ ನಿವೃತ್ತ ಕಂಡಕ್ಟರ್ ಹುಚ್ಚೀರಪ್ಪ, ಯೂಟ್ಯೂಬೆಂಬ ಗುರುಕುಲ ಸೇರಿದ. ಮೀಟರು ಮಾಡಲು ಹೆಬ್ಬೆರಳಗಲದ ಮೈಕ್ರೋಕಂಟ್ರೋಲರ್ ಚಿಪ್ಪು ಕೂತ ಬೋರ್ಡು ತರಿಸಿದ. ಅದರ ಹೊಟ್ಟೆಗೆ ಐದು ವೋಲ್ಟಿಗಿಂತ ಹೆಚ್ಚು ಹಿಡಿಸದು. ಗೋಡೆಯ ಕರೆಂಟು ನೇರ ಕೊಟ್ಟರೆ ಚಿಪ್ಪು ಹೊಗೆಯಾಗಿ ಹಾರಿ ಡಂಬಳದ ಕೆರೆಯಲ್ಲಿ ಇಳಿದೀತು. ಆದ್ದರಿಂದ ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರ್ ಕೂಡಿಸಿ, ಕೂಸಿಗೆ ಗಂಜಿ ತಿಳಿ ಮಾಡಿ ಕುಡಿಸಿದಂತೆ ಕುಡಿಸಿದ. ಚಿಪ್ಪು ಅದನ್ನಳೆದು, ಮತ್ತೆ ಗುಣಿಸಿ, ಮೂಲ ವೋಲ್ಟು ಹೇಳಬೇಕು.

ಒಂದು ಸಂಜೆ ಬೋರ್ಡಿಗೆ ಸೆಲ್ಲು ಹಾಕಿ, ಟ್ರಾನ್ಸ್‌ಫಾರ್ಮರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ. ಪುಟ್ಟ ಪರದೆಯಲ್ಲಿ ಅಂಕಿ ಮೂಡಿತು: 172.

ಹುಚ್ಚೀರಪ್ಪನ ಮುಖ ಇಳಿಯಿತು. ಮನೆ ಕರೆಂಟೆಂದರೆ 230 ಎಂದು ಯೂಟ್ಯೂಬಿನ ಗುರು ಹೇಳಿದ್ದನಲ್ಲ! ತನ್ನ ಮೀಟರು ತಪ್ಪಿದರೆ ಓಣಿ ನಗದೇ? ಬೋರ್ಡಿನ ತಿರುಪನ್ನು ತುಂಟ ಹುಡುಗನ ಕಿವಿಯಂತೆ ಹಿಂಡಿದ. 210... 224... 230! ಅಂಕಿ ಜಿಗಿದಾಡಬಾರದೆಂದು, ಕಂಡ ಅತಿ ದೊಡ್ಡ ಅಂಕಿಯನ್ನು ಸತ್ತರೂ ಬಿಡಬೇಡವೆಂದು ಪ್ರೋಗ್ರಾಮಿನಲ್ಲಿ ಮೊದಲೇ ತಾಕೀತು ಮಾಡಿದ್ದ.

“ಬರ್ರಿ! ಜಲ್ದಿ ಬರ್ರಿ ಎಲ್ಲಾರೂ!”

ಕೂಗು ಶಿರಹಟ್ಟಿಗೆ ಮುಟ್ಟಿತು. ಅಲ್ಲಿಯವರು ಬರುವುದರೊಳಗೆ ಪಕ್ಕದ ಮನೆಯ ಮೋತಿಬಿ ಬಂದಳು; ಹಿಟ್ಟಿನ ಕೈಯಲ್ಲೇ ಅಮೃತವ್ವ ಬಂದಳು.

“ಇನ್ನೂರಾ ಮೂವತ್ತು! ಕೂದಲೆಳಿಯಷ್ಟೂ ಹೆಚ್ಚಿಲ್ಲ, ಕಡಿಮಿಲ್ಲ!”

“ಭೇಷ್ ಅಣ್ಣಾರ! ನಿಮ್ದು ತಲಿ ಅಲ್ಲ, ಕಂಪ್ಯೂಟರು,” ಎಂದಳು ಮೋತಿಬಿ.

“ಹಂಗಾದ್ರ ವೋಲ್ಟೇಜ್ ಬರೋಬ್ಬರಿ ಐತಿ,” ಎಂದಳು ಅಮೃತವ್ವ, ಮೆತ್ತಗೆ.

“ಖಡಕ್ ಐತಿ!”

“ಮತ್ತ ಬೆಲ್ಟು?”

ಅಷ್ಟರಲ್ಲಿ ಕರೆಂಟೇ ಹೋಯಿತು. ಫ್ಯಾನು ನಿಂತಿತು, ಓಣಿಯೆಲ್ಲ ಕತ್ತಲು. ಆ ಕತ್ತಲಲ್ಲಿ ಸೆಲ್ಲಿನ ಬಲದಿಂದ ಒಂದೇ ಜ್ಯೋತಿ ಬೆಳಗಿತು: 230.

“ಯವ್ವಾ! ಕರೆಂಟ್ ಇಲ್ಲ, ವೋಲ್ಟೇಜ್ ಮಾತ್ರ ಭರ್ತಿ ಐತೆಲ್ಲ!” ಮೋತಿಬಿ ಸೆರಗು ಬಾಯಿಗಿಟ್ಟಳು.

ಅಮೃತವ್ವ ನಗಲಿಲ್ಲ. “ಈಗ ನೀವ ಹೇಳ್ರಿ. ಮೀಟರ್ ಸುಳ್ಳು ಅಂದ್ರ ಶರ್ತ ರದ್ದು. ಖರೆ ಅಂದ್ರ ರೊಟ್ಟಿ ಬಡೀರಿ.”

ಬಿಡುಗಡೆ ಒಂದೇ ಮಾತಿನ ದೂರದಲ್ಲಿತ್ತು. ಹುಚ್ಚೀರಪ್ಪ ಚೊಚ್ಚಲ ಮಗನನ್ನು ನೋಡುವಂತೆ ಮೀಟರನ್ನು ನೋಡಿದ. ಅಂಗಿಯ ತೋಳು ಮಡಚಿದ.

“ಹಿಟ್ಟು ಎಲ್ಲೈತಿ?”