ಉದ್ದಣ್ಣನ ಹಿಮ್ಮಡಿ

ಉದ್ದಣ್ಣನ ಎಡಗಾಲಿನ ಹಿಮ್ಮಡಿಯಲ್ಲಿ ಒಂದು ಬಿರುಕಿತ್ತು. ಅಂಥಿಂಥ ಬಿರುಕಲ್ಲ. ಬಸ್ ಟಿಕೆಟ್ಟು ಮಡಿಸಿ ಸಿಕ್ಕಿಸಿದರೆ ಸಂಜೆಯವರೆಗೆ ಬೀಳದಷ್ಟು ಆಳದ್ದು. ಅವನ ಏಳು ವರ್ಷದ ನೌಕರಿಗೆ ಸಂಚಕಾರ ಬಂದದ್ದು ಅದರಿಂದಲೇ.

ಅವನು ರತ್ನಗಂಬಳಿ ಅಂಗಡಿಯಲ್ಲಿ ಕಂಬಳಿ ಹಾಸುವವನು. ಆ ಕೆಲಸಕ್ಕೆ ಅವನೊಬ್ಬನೇ. ಗಿರಾಕಿ ಬಂದರೆ ಸುರುಳಿ ಬಿಚ್ಚಿ, ಅದರ ಮೇಲೆ ಬರಿಗಾಲಲ್ಲಿ ನಡೆದು, "ನೋಡಿ, ಎಷ್ಟು ಮೆತ್ತಗಿದೆ" ಎನ್ನಬೇಕು. ಚಪ್ಪಲಿ ಹಾಕಿದರೆ ಕೊಳೆ, ಕಾಲುಚೀಲ ಹಾಕಿದರೆ ಜುಂಗು ಅಂಟುತ್ತದೆ ಎಂದು ಯಜಮಾನರ ಕಟ್ಟಪ್ಪಣೆ. ಗಿರಾಕಿ ಇಲ್ಲದಾಗ ಮಂಜುಗಡ್ಡೆಯಂಥ ಕಲ್ಲುನೆಲದ ಮೇಲೆ ನಿಂತಿರಬೇಕು. ಅಪ್ಪಣೆ ಕೊಟ್ಟವರ ಕಾಲು ಎಲ್ಲಿತ್ತು ಅಂದಿರಾ? ಎರಡು ಜೊತೆ ಉಣ್ಣೆಯ ಕಾಲುಚೀಲದೊಳಗೆ, ಮೇಜಿನ ಕೆಳಗೆ, ಹೀಟರಿನ ಮುಂದೆ!

"ಮಲಗೋ ಮುಂಚೆ ಹತ್ತು ನಿಮಿಷ ಬೆಚ್ಚಗಿನ ನೀರಲ್ಲಿ ಕಾಲಿಡಿ. ಬೆರಳ ಸಂದೀನೂ ಬಿಡದೆ ಒರೆಸ್ಕೊಂಡು, ಎಣ್ಣೆ ಹಚ್ಚಿ, ಹತ್ತಿ ಕಾಲುಚೀಲ ಹಾಕ್ಕೊಳ್ಳಿ. ಇಷ್ಟೇ ಕಣ್ರೀ" ಎಂದು ಹೆಂಡತಿ ಮೂರು ಚಳಿಗಾಲದಿಂದ ಗೋಗರೆದಿದ್ದಳು. "ನಾನೇನು ಮದುಮಗಳಾ?" ಎಂದು ಇವನು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಒಂದು ಸಲವಂತೂ ಅವಳು ಕಾಯಿಸಿ ತಂದ ನೀರನ್ನು ಹಾಗೇ ಬಚ್ಚಲಿಗೆ ಸುರಿದಿದ್ದ. ಅವಳು ಪಾತ್ರೆ ತೊಳೆದಿಟ್ಟಳು. ಎರಡು ಮಾತು ಬೈದಿದ್ದರೇ ವಾಸಿಯಿತ್ತು.

ನಿನ್ನೆ ಆ ಬಿರುಕು ಒಂದು ಕಂಬಳಿಯ ಎಳೆಯನ್ನು ಕಚ್ಚಿ, ಗೇಣುದ್ದ ಎಳೆದುಬಿಟ್ಟಿತು. "ಇನ್ನೊಂದು ಎಳೆ ಕಿತ್ತು ಬರಲಿ, ನೀನು ಗೋದಾಮಿಗೆ!" ಎಂದು ಯಜಮಾನರು ಗುಡುಗಿದರು. ಗೋದಾಮೆಂದರೆ ಅಂಗಡಿಯ ಅಡಿಯ ನೆಲಮಾಳಿಗೆ. ಕಿಟಕಿಯಿಲ್ಲ, ಸಿಮೆಂಟು ನೆಲ, ದಿನವಿಡೀ ಕಂಬಳಿ ಬಡಿದು ಧೂಳು ಕುಡಿಯುವ ಕೆಲಸ. ಅಲ್ಲಿಗೆ ಇಳಿದವನ ಕೆಮ್ಮು ಮಾತ್ರ ಮೇಲೆ ಬರುತ್ತಿತ್ತು. ಇವತ್ತೋ, ಹನ್ನೊಂದಕ್ಕೆ ಭಾರೀ ಗಿರಾಕಿಯೊಬ್ಬರು ಅಂಗಡಿಯ ಅತಿ ದೊಡ್ಡ ರೇಷ್ಮೆ ಕಂಬಳಿ ನೋಡಲು ಬರುವವರಿದ್ದರು. ಅದರ ಮೇಲೆ ನಡೆಯಬೇಕಾದದ್ದು ಇದೇ ಹಿಮ್ಮಡಿ.

ಬೆಳಿಗ್ಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಲಹೆಗಳ ಸಂತೆ ನೆರೆಯಿತು. ಬಿಲ್ಲು ಬರೆಯುವವನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಅದಕ್ಕೇ ಎಲ್ಲರೂ ಅವನನ್ನು ಪಂಡಿತ ಎನ್ನುತ್ತಿದ್ದರು.

"ಬಿಸಿನೀರು ಗುರುವೇ, ಬಿಸಿನೀರು!" ಎಂದು ಅವನು ಚಹಾದ ನೀರನ್ನೇ ಬಕೆಟ್ಟಿಗೆ ಸುರಿದ. ಉದ್ದಣ್ಣ ಕಾಲಿಟ್ಟವನೇ ಕಾದ ಬಾಣಲೆಗೆ ಬಿದ್ದ ಜೋಳದ ಕಾಳಿನಂತೆ ಸಿಡಿದ.

"ಅಯ್ಯೋ, ಕಾಲು ಬೇಯಿಸ್ತಿದ್ದೀಯೇನೋ? ತಣ್ಣೀರು ಬೆರೆಸು" ಎಂದು ಕಂಬಳಿಯ ಅಂಚು ಹೊಲಿಯುವ ಅಕ್ಕ ಸೂಜಿ ಬದಿಗಿಟ್ಟು ಬಂದಳು. ಹಿಮ್ಮಡಿ ನೋಡಿ ಮೂಗಿನ ಮೇಲೆ ಬೆರಳಿಟ್ಟಳು. "ಇದು ಕಾಲೋ, ಬತ್ತಿದ ಕೆರೆಯೋ? ಮನೇಲಿ ಹೆಂಡ್ತಿ ಏನೂ ಹೇಳ್ಲಿಲ್ವಾ?"

"ಹೇಳಿದ್ಲು ಅಕ್ಕಾ."

"ಕೇಳ್ಲಿಲ್ವಾ?"

ಉದ್ದಣ್ಣ ಬಕೆಟ್ಟಿನೊಳಗೆ ನೋಡಿದ. ತಣ್ಣೀರು ಬೆರೆಸಿಕೊಂಡು ಮತ್ತೆ ಕಾಲಿಟ್ಟ.

ಪಂಡಿತ ಪಕ್ಕದ ಬಡಗಿಯಿಂದ ಉಪ್ಪು ಕಾಗದ ತಂದು, ಹಳೇ ಬಾಗಿಲು ಉಜ್ಜುವವನಂತೆ ಉಜ್ಜಿದ. ಅಕ್ಕ ಮೇಣದಬತ್ತಿ ಕರಗಿಸಿ, ಎಣ್ಣೆ ಬೆರೆಸಿ, ಮೇಸ್ತ್ರಿ ಗೋಡೆಗೆ ಗಾರೆ ಮೆತ್ತುವಂತೆ ಬಿರುಕಿಗೆ ಮೆತ್ತಿದಳು. "ಅರ್ಧ ಗಂಟೆ ಅಲುಗಾಡಬೇಡ" ಅನ್ನುವುದಕ್ಕೂ ಯಜಮಾನರು ಒಳಗೆ ಬರುವುದಕ್ಕೂ ಸರಿಹೋಯಿತು. ಉದ್ದಣ್ಣ ಎರಡೂ ಕಾಲನ್ನು ಪಕ್ಕದ ಕಂಬಳಿ ಸುರುಳಿಯೊಳಗೆ ತೂರಿಸಿದ.

"ಇದೇನೋ ಇದು?"

"ಒಳಗೆ ಹುಳ ಹಿಡಿದಿದೆಯಾ ಅಂತ ನೋಡ್ತಿದ್ದಾನೆ ಸಾರ್" ಎಂದ ಪಂಡಿತ.

"ಕಾಲಲ್ಲಾ?"

"ಕೈ ಅಷ್ಟುದ್ದ ಹೋಗಲ್ಲ ಸಾರ್."

ಯಜಮಾನರಿಗೆ ಅದು ನ್ಯಾಯವೆನ್ನಿಸಿತು. ಹೀಟರಿನ ಕಡೆಗೆ ಹೊರಟರು.

ಹನ್ನೊಂದರ ಹೊತ್ತಿಗೆ ಅಕ್ಕ ಎಣ್ಣೆಯ ಪಸೆಯೂ ಉಳಿಯದಂತೆ ಒರೆಸಿ ಪೌಡರ್ ಹಾಕಿದಳು. ಹಿಮ್ಮಡಿ ಮಗುವಿನ ಕೆನ್ನೆಯಾಗಿತ್ತು. ಉದ್ದಣ್ಣ ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡ. ಒಂದೇ ಬೆಳಗಿನ ಕೆಲಸ! ಮೂರು ವರ್ಷ ಹೆಂಡತಿಯ ಬಾಯಿ ನೋಯಿಸಿದೆನಲ್ಲ ಎಂದುಕೊಂಡ.

ಗಿರಾಕಿ ಬಂದರು. ಮೊಣಕಾಲುದ್ದದ ಬೂಟು ಹಾಕಿದ ಮೇಡಂ. ಯಜಮಾನರು ನಡು ಬಗ್ಗಿಸಿ ಕುರ್ಚಿ ಕೊಟ್ಟರೆ ಕೂರಲಿಲ್ಲ. ರೇಷ್ಮೆ ಕಂಬಳಿ ಹಾಸಿದ ಮೇಲೆ ನೆಲಕ್ಕೆ ಮಂಡಿಯೂರಿ, ಕಿವಿ ಹತ್ತಿರ ತಂದು, "ನಡೀರಿ" ಎಂದರು.

ಉದ್ದಣ್ಣ ನಡೆದ. ಬೆಣ್ಣೆಯೊಳಗಿಂದ ಕೂದಲು ಸರಿದಂತೆ ಸರಿದ. ಒಂದು ಎಳೆಯೂ ಅಲುಗಲಿಲ್ಲ.

"ಇನ್ನೊಂದ್ಸಲ. ಹಿಮ್ಮಡಿ ಊರಿ."

ಹಿಮ್ಮಡಿ ಊರಿ, ಎದೆಯುಬ್ಬಿಸಿ, ಇನ್ನೊಂದು ಸಲ ನಡೆದ. ಬಾಗಿಲ ಸಂದಿಯಲ್ಲಿ ಅಕ್ಕ, ಪಂಡಿತ ಇಣುಕುತ್ತಿದ್ದರು.

ಮೇಡಂ ಎದ್ದು ಮಂಡಿ ಕೊಡವಿಕೊಂಡರು. "ಇದು ರೇಷ್ಮೆ ಅಲ್ಲ."

"ಅಪ್ಪಟ ರೇಷ್ಮೆ ಮೇಡಂ!" ಯಜಮಾನರ ದನಿ ಕೀರಲಾಯಿತು.

"ನಮ್ಮಪ್ಪ ನೇಯ್ಗೆಯವರು ಸ್ವಾಮಿ. ಒಡೆದ ಹಿಮ್ಮಡಿ ಎಳೆದ್ರೆ ನಿಜವಾದ ರೇಷ್ಮೆ ಚರ್ ಅಂತ ಹಿಡ್ಕೊಳ್ಳುತ್ತೆ, ನಕಲಿ ಜಾರುತ್ತೆ. ಅವರು ಹಾಗೇ ಪರೀಕ್ಷೆ ಮಾಡೋರು. ನನ್ನ ಕಾಲು ಮೆತ್ತಗಾಗಿ ಎಷ್ಟೋ ವರ್ಷ ಆಯ್ತು. ಅದಕ್ಕೇ ನಾನು ಚಳಿಗಾಲದಲ್ಲೇ ಕೊಳ್ಳೋಕೆ ಬರೋದು. ನಿಮ್ಮಂಥ ಅಂಗಡಿಗಳಲ್ಲಿ ಹಾಸೋರ ಕಾಲು ಒಡೆದೇ ಇರುತ್ತಲ್ಲ!"

ಯಜಮಾನರು ಉದ್ದಣ್ಣನ ಕಾಲನ್ನು ಕುದುರೆಗೆ ಲಾಳ ಹೊಡೆಯುವವನಂತೆ ಎತ್ತಿ ಹಿಡಿದರು. ಮುಖ ಬಿಳುಚಿತು. "ಮೇಡಂ, ನಿನ್ನೆವರೆಗೂ ಒಡೆದಿತ್ತು! ಎಂಥಾ ಬಿರುಕು ಅಂತೀರಿ! ನನ್ನ ಕಣ್ಣಾರೆ ನೋಡಿದ್ದೀನಿ!"

"ಎಲ್ಲ ಅಂಗಡಿಯವರೂ ಹೀಗೇ ಹೇಳ್ತಾರೆ. ಚಳಿಗಾಲ ಮುಗಿಯೋದ್ರೊಳಗೆ ಇನ್ನೊಂದ್ಸಲ ಬರ್ತೀನಿ, ಆಗ ತೋರ್ಸಿ." ಬೂಟು ಟಕಟಕಿಸುತ್ತಾ ಹೋದವು.

ಎತ್ತಿ ಹಿಡಿದಿದ್ದ ಕಾಲನ್ನು ಯಜಮಾನರು ದಬಕ್ಕನೆ ಬಿಟ್ಟರು.

"ಏಳು ವರ್ಷ ಇಲ್ಲದ ಕಾಲಿನ ಶೋಕಿ ಇವತ್ತೇ ಬೇಕಿತ್ತೇನೋ ನಿನಗೆ?" ಎಂದರು ಯಜಮಾನರು. "ಬರಿಗಾಲಲ್ಲೇ ಇಳಿ ಗೋದಾಮಿಗೆ!"

ಉದ್ದಣ್ಣ ಮೆಟ್ಟಿಲಿಳಿದ. ಸಿಮೆಂಟಿನ ಚಳಿ ಅಂಗಾಲಿನಿಂದ ನೆತ್ತಿಗೆ ಹತ್ತಿತು. ಕೊನೆಗೂ ನಿನ್ನ ಮಾತು ಕೇಳಿದೆ ಕಣೇ ಎಂದು ಹೆಂಡತಿಗೆ ಯಾವ ಬಾಯಲ್ಲಿ ಹೇಳುವುದು? ಕೇಳಿದ್ದಕ್ಕೇ ಹೀಗಾಯಿತು ಎಂದು ಯಾವ ಬಾಯಲ್ಲಿ ಹೇಳುವುದು?

ಧೂಳಿನ ನಡುವೆ ಕಂಬಳಿ ಬಡಿಯುತ್ತಿದ್ದ ಮುದುಕನೊಬ್ಬ ಕೆಮ್ಮು ನಿಲ್ಲಿಸಿ ಕೇಳಿದ: "ಎಷ್ಟು ದಿನಕ್ಕಪ್ಪಾ ನಿನಗೆ?"

"ಹಿಮ್ಮಡಿ ಒಡೆಯೋವರೆಗೆ, ತಾತಾ."