ಏನೂ ಹಾಕದ ಪಟ್ಟಿ

ಹೊಲದಲ್ಲಿ ಪ್ರಯೋಗ ಮಾಡುವವನಿಗೆ ಹುಳದ ಕಾಟ, ಮಳೆಯ ಕಾಟ ಇದ್ದದ್ದೇ. ಶಿವ ಕೊಟ್ಟದ್ದೆಂದು ತಾಳಿಕೊಳ್ಳಬಹುದು. ತಾಳಲಾಗದ್ದು ಒಳ್ಳೇ ಮನಸ್ಸಿನ ಮಂದಿಯ ಕಾಟ.

೧. ಬೋರ್ಡು

ಗೊಬ್ಬೂರಿನ ನಮ್ಮ ತೊಗರಿ ಹೊಲದಲ್ಲಿ ಉದ್ದಕ್ಕೆ ಎರಡು ಪಟ್ಟಿ ಬೇರೆ ಮಾಡಿದೆ. ಒಂದಕ್ಕೆ ಸಗಣಿ, ಗಂಜಲ, ಬೆಲ್ಲ ಕೊಳೆಸಿದ ಜೀವಾಮೃತ; ಇನ್ನೊಂದಕ್ಕೆ ಏನೂ ಇಲ್ಲ. ಜೀವಾಮೃತ ಗೆದ್ದರೆ ಮುಂದಿನ ವರ್ಷ ಇಡೀ ಹೊಲಕ್ಕೆ ಅದೇ ಎಂದು ಊರ ಮುಂದೆ ಹೇಳಿಬಿಟ್ಟಿದ್ದೆ. ಈ ಎರಡನೇ ಪಟ್ಟಿಗೆ ಯಾರೂ ಕೈ ಹಚ್ಚದಿರಲೆಂದು ಬೋರ್ಡು ನೆಟ್ಟೆ: ‘ಈ ಪಟ್ಟಿಗೆ ಏನೂ ಹಾಕಬಾರದು.’

ಚೌಡಾಪುರಕ್ಕೆ ಹೊರಟಿದ್ದವನೊಬ್ಬ ಗಾಡಿ ನಿಲ್ಲಿಸಿದ. “ಅಣ್ಣತಮ್ಮರ ಪಾಲಿನ ಜಗಳ ಏನ್ರಿ?”

“ಇಲ್ಲಪಾ, ಪ್ರಯೋಗ.”

“ಎಲ್ಲಾರೂ ಮೊದಲು ಹಂಗೇ ಅಂತಾರ. ಕೋರ್ಟಿಗೆ ಮಾತ್ರ ಹೋಗಬ್ಯಾಡ್ರಿ.”

೨. ಪಂಕ್ತಿ

ಬುತ್ತಿ ತಂದ ಮನೆಯಾಕೆ ಬೋರ್ಡು ಓದಿ ಅಲ್ಲೇ ನಿಂತಳು.

“ದಿನಾ ಲಿಂಗಪೂಜೆ ಮಾಡೋರು ನೀವು. ಒಂದೇ ಪಂಕ್ತಿಯಾಗ ಕುಂತಾಗ ಒಬ್ಬರಿಗೆ ಬಡಿಸಿ ಒಬ್ಬರಿಗೆ ಬಿಡೋದು ಯಾವ ಧರ್ಮ್ರೀ?”

“ಅದು ತೊಗರಿ, ಜಂಗಮ ಅಲ್ಲ!”

“ಹಸಿವಿ ಎಲ್ಲಾರಿಗೂ ಒಂದೇ.”

ಸಿಟ್ಟು ನುಂಗಿದೆ. ಹೋಲಿಸಿ ನೋಡಬೇಕಾದರೆ ಒಂದು ಪಟ್ಟಿ ಹಸಿದಿರಲೇಬೇಕೆಂದು ನಿಧಾನವಾಗಿ ತಿಳಿಸಿ ಹೇಳಿದೆ. ಆಕೆ ತಲೆಯಾಡಿಸಿದಳು. ಇಷ್ಟು ವರ್ಷ ಸಂಸಾರ ಮಾಡಿಯೂ ನಾನು ಅದನ್ನು ಒಪ್ಪಿಗೆ ಎಂದುಕೊಂಡೆ!

೩. ತೀರ್ಪು

ಕಾಯಿ ಬಲಿತ ಮೇಲೆ ಊರವರನ್ನು ಕರೆದೆ. ಏನೂ ಹಾಕದ ಪಟ್ಟಿ ಆಳೆತ್ತರ ನಿಂತು, ಕಾಯಿಯ ಭಾರಕ್ಕೆ ಬಾಗಿತ್ತು. ಜೀವಾಮೃತದ್ದು ಅದರ ಹೆಗಲಿಗೂ ಬಂದಿರಲಿಲ್ಲ. ಮಂದಿ ಬಿದ್ದು ಬಿದ್ದು ನಕ್ಕರು.

“ಖರೇ ಹೇಳ್ರಿ! ಇದಕ್ಕ ಯಾರು ಏನು ಹಾಕೀರಿ?”

ಮನೆಯಾಕೆ ಸೆರಗು ಸರಿಮಾಡಿಕೊಂಡಳು. “ನಿಮ್ಮ ಡ್ರಮ್ಮಿನ ಜೀವಾಮೃತ ಇದಕ್ಕೂ ಹಾಕೀನ್ರಿ. ಕಮ್ಮಿ ಆಗಿದ್ದು ಕಾಣಬಾರ್ದು ಅಂತ ಡ್ರಮ್ಮಿಗಿ ನೀರು ತುಂಬಿಟ್ಟೇನಿ.”

ಅಂದರೆ ನಾನು ಇಡೀ ಹಂಗಾಮು ಜೀವಾಮೃತದ ಪಟ್ಟಿಗೆ ಭಕ್ತಿಯಿಂದ ನೀರು ಉಣಿಸಿದ್ದೆ!

ಬಾಜೂ ಹೊಲದ ಚಾಚಾ ಕೆಮ್ಮಿದರು. “ಬೋರ್ಡು ನೋಡಿ ಕರುಳು ಚುರ್ ಅಂತು ಶರಣ್ರಿ. ನಾನೂ ಆಡಿನ ಹಿಕ್ಕಿ ತಂದು ಹಾಕೇನಿ.”

ಕಳೆ ತೆಗೆಯುವ ಆಯಿ ಸುಮ್ಮನಿರಬಾರದೇ? “ನಾ ಮಾತ್ರ ಏನೂ ಹಾಕಿಲ್ರಿ. ಪಾಪ ಅಂತ ದಿನಾ ಕಳೆ ತಗದೇನಿ ಅಷ್ಟೇ.”

“ವರ್ಷದ ಪ್ರಯೋಗ ಮಣ್ಣುಗೂಡಿಸಿದ್ರಲ್ಲ! ಈಗ ಇಡೀ ಹೊಲಕ್ಕ ನಾ ಏನು ಹಾಕಲಿ?” ಎಂದು ಕೂಗಿದೆ.

ಚಾಚಾ ಬೋರ್ಡಿನ ಕಂಬ ಅಲುಗಾಡಿಸಿ ನೋಡಿದರು.

“ಏನೂ ಹಾಕಬ್ಯಾಡ್ರಿ. ಇದನ್ನ ನಡೂ ಹೊಲದಾಗ ನೆಡ್ರಿ, ಉಳದದ್ದು ಮಂದಿ ನೋಡ್ಕೋತಾರ. ಆದ್ರ ಮೊದಲ ಒಂದು ವರ್ಷ ಈ ಬೋರ್ಡು ನನಗ ಕೊಡ್ರಿ.”