ನಮ್ಮ ಮಾವ ಮತ್ತು ಮುಗಿಯದ ಫೈನಲ್

ನಮ್ಮ ಸೋದರಮಾವ ತನ್ನ ಜನ್ಮದಲ್ಲಿ ಒಂದು ಸಲವೂ ಫುಟ್‌ಬಾಲ್ ಒದ್ದವನಲ್ಲ. ಆದರೆ ಫುಟ್‌ಬಾಲ್ ನೋಡುತ್ತ ನಿಂತು ಅವನು ಒದ್ದ ಮನುಷ್ಯರನ್ನು ಸಾಲಾಗಿ ನಿಲ್ಲಿಸಿದರೆ ಸುರಪುರದ ಪೇಟೆಯಿಂದ ರಂಗಂಪೇಟೆಯ ತನಕ ಆದಾರು! ಸುಳ್ಳಲ್ಲ. ಮೈದಾನದಲ್ಲಿ ಯಾರಾದರೂ ಚೆಂಡಿಗೆ ಕಾಲೆತ್ತಿದರೆ ಸಾಕು, ಗೆರೆಯಾಚೆ ನಿಂತ ಮಾವನ ಕಾಲೂ ತಾನಾಗಿ ಏಳುತ್ತಿತ್ತು. ಮುಂದೆ ನಿಂತವರು ಹಿರಿಯರೋ, ಬೀಗರೋ, ಕಚೇರಿಯ ಜವಾನರೋ, ಆ ಕಾಲಿಗೇನು ಗೊತ್ತು? ಉಳಿದ ಹೊತ್ತಿನಲ್ಲಿ ಅವನು ಸುರಪುರದ ಮರ್ಯಾದಸ್ಥ ಕಿರಾಣಿ ವ್ಯಾಪಾರಿ. ಬೆಲ್ಲ ತೂಗುವಾಗ ನೊಣಕ್ಕೂ ಮೆಲ್ಲಗೆ ಗದರಿಸುವವನು.

ಅದು ನಿಜಾಮರ ಆಳ್ವಿಕೆಯ ಕೊನೆಯ ಕಾಲ. ಯಾದಗಿರಿಯಲ್ಲಿ ರೈಲು ಸ್ಟೇಶನ್ ಹತ್ತಿರದ ಮೈದಾನದಲ್ಲಿ ಸುತ್ತಿನ ಊರುಗಳ ನಡುವೆ ಪ್ರತಿ ವರ್ಷ ಒಂದು ಕಪ್ ಪಂದ್ಯ ನಡೆಯುತ್ತಿತ್ತು. ನಡೆಯುತ್ತಿತ್ತು ಎಂದೆನೇ? ತಪ್ಪಾಯಿತು. ಸುರುವಾಗುತ್ತಿತ್ತು. ಮುಗಿದದ್ದನ್ನು ಕಂಡವರಿಲ್ಲ. ಫೈನಲ್ಲಿಗೆ ಬರುವವರು ಹೆಚ್ಚುಕಡಿಮೆ ಯಾವಾಗಲೂ ಸುರಪುರ ಮತ್ತು ಶಹಾಪುರದವರು. ಬಂದು ಹಾಗೇ ವಾಪಸು ಹೋಗುವವರೂ ಅವರೇ. ಕಪ್ ಮಾತ್ರ ಕಮಿಟಿಯ ಸೆಕ್ರೆಟರಿಯವರ ಮನೆಯ ಗೂಡಿನಲ್ಲಿ ಸುಖವಾಗಿ ಕೂತಿತ್ತು. ಅವರ ಮನೆಯಾಕೆ ಅದರಲ್ಲಿ ಅರಿಶಿನದ ಕೊಂಬು ತುಂಬಿಟ್ಟಿದ್ದಾರೆಂದು ಊರೆಲ್ಲ ಸುದ್ದಿ.

ಮಾವನಿಗೆ ಜೀವನದಲ್ಲಿ ಇದ್ದದ್ದು ಒಂದೇ ಆಸೆ. "ಸಾಯೋದ್ರೊಳಗ ನಮ್ಮೂರು ಆ ಕಪ್ ಎತ್ತಬೇಕು ಅಳಿಯಾ. ಆಮ್ಯಾಲ ನಾ ಶಹಾಪುರಕ್ಕ ಹೋಗಿ ಆ ದಲಾಲನ ಮಾರಿ ಮುಂದ ನಿಂತು ಹೊಟ್ಟಿ ತುಂಬ ನಗಬೇಕು!"

ಈ ದಲಾಲರು ಶಹಾಪುರದ ಹತ್ತಿ ವ್ಯಾಪಾರದವರು. ದೊಡ್ಡ ಶರೀರ, ಅದಕ್ಕಿಂತ ದೊಡ್ಡ ದನಿ. ಮಾವನಿಗೂ ಅವರಿಗೂ ಪರಿಚಯವಾದದ್ದು ಹೇಗೆ ಅಂತೀರಿ? ಇನ್ನು ಹೇಗೆ, ಒದೆಯಿಂದ! ಯಾವುದೋ ವರ್ಷ ಸುರಪುರದ ಹುಡುಗನೊಬ್ಬ ಗೋಲಿನೆದುರು ಕಾಲೆತ್ತಿದ, ಮಾವನ ಕಾಲೂ ಎದ್ದಿತು, ಮುಂದೆ ದಲಾಲರ ವಿಶಾಲವಾದ ಹಿಂಭಾಗವಿತ್ತು. ಅವರು ನಿಧಾನವಾಗಿ ತಿರುಗಿ, ಮಾವನನ್ನು ಮೇಲಿಂದ ಕೆಳಗೆ ನೋಡಿ, "ಸಾವುಕಾರ್ರ, ಗೋಲು ಆ ಕಡಿ ಅದರಿ" ಅಂದರು.

ಅಂದಿನಿಂದ ಇಬ್ಬರೂ ಬದ್ಧವೈರಿಗಳು. ವೈರಿಗಳು ಎಂಥವರೆಂದರೆ, ಮೈದಾನಕ್ಕೆ ಬಂದೊಡನೆ ಒಬ್ಬರನ್ನೊಬ್ಬರು ಹುಡುಕಿ, ಪಕ್ಕದಲ್ಲೇ ನಿಂತು, ಒಂದೇ ಗಂಟಿನ ರೊಟ್ಟಿ ಬಿಚ್ಚಿ ತಿನ್ನುತ್ತ ಜಗಳಾಡುವಷ್ಟು! ನಮ್ಮ ಅತ್ತೆ ಶೇಂಗಾ ಹಿಂಡಿಯನ್ನು ಎರಡು ಪಾಲು ಮಾಡಿ ಕಟ್ಟುತ್ತಿದ್ದಳು. ಒಂದು ಗಂಡನಿಗೆ, ಒಂದು ಗಂಡನ ವೈರಿಗೆ.

ಒಂದು ವರ್ಷ ಕಮಿಟಿಯವರು "ಬರುವ ಹತ್ತನೇ ತಾರೀಖು ಫೈನಲ್" ಎಂದು ಡಂಗುರ ಸಾರಿಸಿದರು. ಸರಿ, ಯಾವ ಹತ್ತು? ಕಚೇರಿಗಳಿಗೆಲ್ಲ ನಿಜಾಮ ಸರ್ಕಾರದ ಫಸಲಿ ತಿಂಗಳು. ರೈಲಿನವರಿಗೆ ಇಂಗ್ರೇಜಿ ತಿಂಗಳು. ನಮಗೆ ಅಮಾವಾಸ್ಯೆ ಹುಣ್ಣಿಮೆಯ ಲೆಕ್ಕ. ಸುರಪುರದ ಆಟಗಾರರು ದಶಮಿಯ ದಿನ ಹೋಗಿ ಎದುರಾಳಿಗಳು ಇಲ್ಲದ್ದು ಕಂಡು ತಾವೇ ಗೆದ್ದೆವೆಂದು ಕುಣಿದು ಬಂದರು. ಶಹಾಪುರದವರು ಫಸಲಿ ಹತ್ತಕ್ಕೆ ಹೋಗಿ ಅವರೂ ಗೆದ್ದು ಬಂದರು. ರೆಫ್ರಿ ಸ್ಟೇಶನ್ನಿನ ನೌಕರ. ಅವನು ಇಂಗ್ರೇಜಿ ಹತ್ತಕ್ಕೆ ಬಂದು, ಆಟಗಾರರಿಲ್ಲದ ಮೈದಾನದಲ್ಲಿ ಸೀಟಿ ಊದಿ, ಕರ್ತವ್ಯ ಮುಗಿಸಿ ಮನೆಗೆ ಹೋದ! ಮೂರೂ ದಿನ ಮೈದಾನದಲ್ಲಿ ಹಾಜರಿದ್ದವರು ಇಬ್ಬರೇ. ಯಾವ ಹತ್ತೆಂದು ತಿಳಿಯದೆ ಮಾವ ಮತ್ತು ದಲಾಲರು ಧರ್ಮಶಾಲೆಯಲ್ಲೇ ಹಾಸಿಗೆ ಬಿಚ್ಚಿದ್ದರು.

ಮತ್ತೊಂದು ವರ್ಷ ತಾರೀಖು ಸರಿಯಾಯಿತು, ಚೆಂಡು ಇರಲಿಲ್ಲ. ಚೆಂಡು ಕಪಾಟಿನಲ್ಲಿತ್ತು, ಕಪಾಟಿನ ಕೀಲಿ ಸೆಕ್ರೆಟರಿಯವರ ಕಿಸೆಯಲ್ಲಿತ್ತು, ಸೆಕ್ರೆಟರಿಯವರು ಮದುವೆಗೆಂದು ಹೈದರಾಬಾದಿನಲ್ಲಿದ್ದರು. "ಕಪಾಟ ಒಡೀರಿ" ಅಂದ ಮಾವ. "ಕಪಾಟ ಸರ್ಕಾರದ್ದು" ಅಂದರು ಕಮಿಟಿಯವರು. "ಹಂಗಾದ್ರ ಸೆಕ್ರೆಟರೀನ ಒಡೀರಿ, ಅಂವ ಸರ್ಕಾರದಾಂವ ಅಲ್ಲಲ್ಲ!" ಅಂದರು ದಲಾಲರು.

ಇವೆಲ್ಲಕ್ಕೂ ಕಳಶವಿಟ್ಟದ್ದು ಕಚೇರಿಯ ದೊಡ್ಡ ಸಾಹೇಬರು ಬಹುಮಾನ ಕೊಡಲು ಬಂದ ವರ್ಷ. ಸಾಹೇಬರು ಹೊತ್ತಿಗೆ ಬರಲಿಲ್ಲ. ಕಾದು ಬೇಸತ್ತು ಆಟ ಸುರುಮಾಡಿದರು. ಸುರಪುರದವರು ಎರಡು ಗೋಲು ಹೊಡೆದರು. ಮಾವ ಆನಂದದಲ್ಲಿ ನಾಲ್ಕು ಜನರನ್ನು ಒದ್ದ. ಅಷ್ಟರಲ್ಲಿ ಸಾಹೇಬರ ಮೋಟಾರು ಬಂತು. ಕಮಿಟಿಯವರು ಓಡಿಬಂದು ಆಟ ನಿಲ್ಲಿಸಿ, ಮೊದಲಿಂದ ಆಡಿರೆಂದು ಹುಕುಂ ಮಾಡಿದರು.

"ಎರಡು ಗೋಲು ಆಗ್ಯಾವಲ್ರಿ!" ಮಾವ ಚೀರಿದ.

"ಆಗಿದ್ರೂ ಸಾಹೇಬ್ರು ನೋಡಿಲ್ಲಲ್ರಿ" ಅಂದರು ಅವರು.

ಆಗ ನಡೆದದ್ದನ್ನು ನಾನು ಇಂದಿಗೂ ಮರೆತಿಲ್ಲ. ಶಹಾಪುರದ ಪರವಾಗಿ ಗಂಟಲು ಹರಿದುಕೊಂಡ ದಲಾಲರೇ ಮೈದಾನದ ನಡುವೆ ಹೋಗಿ ನಿಂತರು. "ಸುರಪುರದವರ ಎರಡು ಗೋಲು ಲೆಕ್ಕಕ್ಕ ಹಿಡಿದ ಸುರು ಮಾಡ್ರಿ! ನಮಗೇನು ಭಿಕ್ಷಾ ಹಾಕಾಕತ್ತೀರೇನು?" ಎಂದು ಗುಡುಗಿದರು. ಗದ್ದಲ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ಸಾಹೇಬರು ಹಾರ ಹಾಕಿಸಿಕೊಂಡು ಹೋದರು. ಕಪ್ ಗೂಡಿಗೆ ಮರಳಿತು. ದಾರಿಯುದ್ದಕ್ಕೂ ಮಾವ, "ದಲಾಲ ಭಾಳ ಕೆಟ್ಟ ಮನಷ್ಯಾ ಅಳಿಯಾ, ಅಂವನ ಮ್ಯಾಲ ಸಿಟ್ಟ ಮಾಡಾಕೂ ಬಿಡೂದಿಲ್ಲ" ಎಂದು ಗೊಣಗುತ್ತಿದ್ದ.

ಹೀಗೇ ವರ್ಷಗಳು ಹೋದವು. ಕೊನೆಗೊಂದು ಸಲ, ಏನು ಮಾಯೆಯೋ, ಎಲ್ಲವೂ ಸರಿಯಾಗಿತ್ತು. ಚೆಂಡಿತ್ತು, ರೆಫ್ರಿ ಇದ್ದ, ಸಾಹೇಬರು ಎಲ್ಲರಿಗಿಂತ ಮೊದಲೇ ಬಂದು ಕುರ್ಚಿಯಲ್ಲಿ ಕೂತಿದ್ದರು. ಮಾವನಿಗೆ ಹೆದರಿಕೆಯೇ ಆಯಿತು. "ಏನೋ ಎಡವಟ್ಟ ಅದ ಅಳಿಯಾ. ಎಲ್ಲಾ ಛಲೋ ನಡದದ!"

ಇರದಿದ್ದವರು ದಲಾಲರು ಮಾತ್ರ. ಮಾವ ಕತ್ತು ಉದ್ದಮಾಡಿ ಹುಡುಕಿಯೇ ಹುಡುಕಿದ. ಶಹಾಪುರದವನೊಬ್ಬ "ಅವರ ಮೈಯಾಗ ಆರಾಮಿಲ್ರಿ" ಅಂದ. "ಸೋಲೂ ಅಂಜಿಕಿಗೆ ಬಂದ ಜ್ವರ ಅದು!" ಎಂದು ಮಾವ ನಕ್ಕ. ಆಟ ನಡೆಯಿತು, ನಿಜಕ್ಕೂ ಮುಗಿಯಿತು. ಒಂದು ಗೋಲಿನಿಂದ ಸುರಪುರ ಗೆದ್ದಿತು! ಕಪ್ ಹೊರಬಂದಿತು. ಊರಿನವರೆಲ್ಲ ಹಲಗೆ ಬಡಿಸಿಕೊಂಡು ಕುಣಿಯುತ್ತಿದ್ದರೆ ಮಾವ ನನ್ನ ರಟ್ಟೆ ಹಿಡಿದೆಳೆದ. "ನಡಿ, ಶಹಾಪುರಕ್ಕ ಗಾಡಿ ಹೂಡು."

ಮರುದಿನ ಮುಂಜಾನೆ ಶಹಾಪುರ ಮುಟ್ಟುವವರೆಗೂ ಅವನ ತಾಲೀಮು ನಡೆದಿತ್ತು. "ಮೊದಲು ಏನೂ ಹೇಳೂದಿಲ್ಲ, ಬರೇ ನಗತೀನಿ. ಆಮ್ಯಾಲ, ದಲಾಲ್ರ, ಆ ಕಪ್ಪಿನಾಗ ಚಾ ಕುಡದ ಬಂದೀವಿ, ನಿಮಗೊಂದು ಗುಟುಕು ಉಳಿಸೇವಿ ಅಂತೀನಿ. ಹೆಂಗ?" ನಾನು ಭೇಷ್ ಅಂದೆ.

ದಲಾಲರು ಪಡಸಾಲೆಯಲ್ಲಿ ಮಲಗಿದ್ದರು. ಮೊದಲಿಗೆ ನನಗೆ ಗುರುತೇ ಸಿಗಲಿಲ್ಲ. ಆ ದೊಡ್ಡ ಶರೀರ ಕೌದಿಯ ಕೆಳಗೆ ಇದೆಯೋ ಇಲ್ಲವೋ ಎಂಬಷ್ಟು ಇಳಿದುಹೋಗಿತ್ತು. ಸಂತೆಯ ಆ ತುದಿಗೆ ಕೇಳಿಸುತ್ತಿದ್ದ ದನಿ ಹಾಸಿಗೆಯ ಅಂಚಿಗೂ ಬರುತ್ತಿರಲಿಲ್ಲ. ಮಾವ ಬಾಗಿಲಲ್ಲೇ ನಿಂತುಬಿಟ್ಟ.

"ಬರ್ರಿ ಸಾವುಕಾರ್ರ. ಏನಾತ್ರಿ ಫೈನಲ್ಲು?"

ಮಾವ ಮೆಲ್ಲಗೆ ಹೋಗಿ ಅವರ ಪಕ್ಕ ಕೂತ. "ಏನಾಗತದರಿ! ಅರ್ಧಕ್ಕ ಚಂಡು ಒಡೀತು. ಇನ್ನೊಂದು ಚಂಡು ಇಟ್ಟಿಲ್ಲ ಆ ನಾಲಾಯಕರು. ಬರೂ ವರ್ಷ ಮತ್ತ ಆಡಸ್ತಾರಂತ."

"ಇನ್ನೊಂದು ಚಂಡು ಇಟ್ಟಿಲ್ಲಾ?" ದಲಾಲರ ಕಣ್ಣು ಅರಳಿತು. "ಇವರ ಕಮಿಟಿಗೆ ಬೆಂಕಿ ಹತ್ತಲಿ!"

"ಅದಕ್ಕ ಹೇಳತೀನಿ, ಬರೂ ವರ್ಷ ನೀವು ಬರಾಕ ಬೇಕು. ನಾ ಒಬ್ಬಾಂವ ಎಷ್ಟಂತ ಬೈಲಿ?"

ದಲಾಲರು ಕೆಮ್ಮು ಬರುವಷ್ಟು ನಕ್ಕರು. ಇಬ್ಬರೂ ಸೇರಿ ಕಮಿಟಿಯವರ ಮೂರು ತಲೆಮಾರುಗಳನ್ನು ಝಾಡಿಸಿದರು. ನಾವು ಹೊರಟಾಗ ದಲಾಲರು ಮಾವನ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಗಾಡಿಯ ಹತ್ತಿರ ಅವರ ಮಗ ನನ್ನನ್ನು ಪಕ್ಕಕ್ಕೆ ಕರೆದ. "ಅಪ್ಪಗ ಎಲ್ಲಾ ಗೊತ್ತದರಿ. ನಮ್ಮ ಆಟಗಾರ್ರು ನಿಮಗಿಂತ ಮೊದಲ ಬಂದು ಹೇಳಿ ಹೋಗ್ಯಾರ. 'ಸುರಪುರದ ಸಾವುಕಾರ ಬರ್ತಾನ, ಬಂದು ನಕ್ಕ ಹೋಗಲಿ, ಭಾಳ ವರ್ಷ ಕಾದಾನ' ಅಂತ ನಸುಕಿನಿಂದ ನಿಮ್ಮ ದಾರೀನ ನೋಡಾಕತ್ತಿದ್ರು."

ಮಾವನಿಗೆ ನಾನು ಅದನ್ನು ಹೇಳಲಿಲ್ಲ. ಗಾಡಿ ಊರು ದಾಟಿತು. ಅವನು ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೂತಿದ್ದವನು, ಒಮ್ಮೆಲೇ ಯಾದಗಿರಿಯ ದಿಕ್ಕಿಗೆ ತಿರುಗಿ ಬೈಯತೊಡಗಿದ.

"ಇಷ್ಟು ವರ್ಷ ಮುಂದ ಹಾಕಿದವರಿಗೆ ಈ ವರ್ಷನ ಏನವಸರ ಆಗಿತ್ತೋ ಅಳಿಯಾ? ಅಂವ ಎದ್ದ ಬರೂತನಕ ತಡೀಬಾರದಿತ್ತೇನು?"